ಹನ್ನೊಂದು ಹೆಸರು ಬರೆದಿಟ್ಟ ಅಕ್ಕನಿಗೆ

ಹಾಲಗುಂಡಿ,
ಹೊಸ್ತಿಲ ಶಕೆ ೧೪೩, ಎರಡನೆಯ ಚೈತ್ರ, ಮೂವತ್ತೊಂದನೆಯ ತಿಥಿ.

ಅಕ್ಕ,

ಮೂವತ್ತೊಂದನೆಯ ತಿಥಿ ಅಂತ ಇರುತ್ತದೆಯೇ ಎಂದು ನೀನು ನಗಬಹುದು. ನಮ್ಮಲ್ಲಿ ಇದೆ. ಯಾವ ಪಕ್ಷಕ್ಕೂ ಸೇರದ ಈ ದಿನಕ್ಕೆ ಗಾಳಿದಿನ ಅನ್ನುತ್ತೇವೆ. ಇವತ್ತು ಪ್ರತಿ ಮನೆಯ ಕಿಟಕಿ ಬಾಗಿಲು ತೆರೆದಿಟ್ಟು, ಮನೆಯವರೆಲ್ಲ ಕೆರೆಯಂಗಳಕ್ಕೆ ಹೋಗಿ ಬಯಲಲ್ಲಿ ಕೂರುತ್ತಾರೆ. ಮನೆ ತಾನೊಂದೇ ಉಸಿರಾಡಲಿ ಅಂತ. ನಾನು ಹೋಗುವ ಹಾಗಿಲ್ಲ. ಯಾಕೆ ಅನ್ನುವುದನ್ನು ಹೇಳುವುದಕ್ಕೇ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಾನು ಹಳ್ಳಿಯ ಶಾಲೆಯಲ್ಲಿ ಬೇವಿನ ಮರದ ಕೆಳಗೆ ಏಳನೆಯವರೆಗೆ ಓದಿದವಳು. ನನ್ನ ಮಾತು ನಿನಗೆ ವಿಚಿತ್ರವಾಗಿ ಕಂಡರೆ ಕ್ಷಮಿಸು. ನಿನ್ನ ಕಾಗದದ ಕೆಲವು ಮಾತುಗಳು ನನಗೂ ಹಾಗೇ ಕಂಡವು.

ಆ ಕಾಗದ ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿತು. ಒಂದು ಮಗ್ಗುಲಲ್ಲಿ ಅಚ್ಚಾದ ಅಕ್ಷರ. ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿ. ಬೇರೆ ಮನೆಯವರು ಮನೆಯೊಳಗೆ ಬಂದು ಸೇರುವುದಕ್ಕೆ ಇರುವ ತಡೆಯನ್ನು ಈಗಲೇ ಸಡಿಲಿಸಬೇಕೋ, ಇನ್ನು ಮೂರು ವಾರ ಮುಂದೂಡಬೇಕೋ, ನಿಮ್ಮ ಅಭಿಪ್ರಾಯ ಬರೆಯಿರಿ ಅಂತ. ನೀನು ಅಭಿಪ್ರಾಯ ಬರೆದಿಲ್ಲ. ಹಿಂದಿನ ಮಗ್ಗುಲಲ್ಲಿ ಪೆನ್ಸಿಲ್ಲಿನಲ್ಲಿ ಹನ್ನೊಂದು ಹೆಸರು ಬರೆದಿದ್ದೀಯ, ಮೊದಲ ದಿನ ಮನೆಗೆ ಕರೆಯುವವರ ಹೆಸರು. ಪುಟ್ಟಲಕ್ಷ್ಮಿಯ ಮುಂದೆ "ಕೂತರೆ ಏಳಲ್ಲ" ಅಂತ ಬರೆದಿದ್ದೀಯ. ಕೆಳಗೆ, "ಕಾಫಿಪುಡಿ ಕಾಲು ಕೇಜಿ ಸಾಲಲ್ಲ, ಕುರ್ಚಿ ಸಾಲಲ್ಲ, ಚಾಪೆ ಹಾಸೋದು." ಕೊನೆಯ ಹೆಸರು ಕಮಲಾಕ್ಷಿ. ಅದನ್ನು ಕಾಗದ ಹರಿಯುವ ಹಾಗೆ ಗೀಚಿ ಹಾಕಿದ್ದೀಯ.

ನಿಜ ಹೇಳಲೇ? ಓದಿ ನನಗೆ ಹೊಟ್ಟೆ ಉರಿಯಿತು. ಮೂರು ವಾರವಂತೆ! ಕುರ್ಚಿ ಸಾಲದಷ್ಟು ಜನವಂತೆ! ಮನೆಯೊಳಗೆ ಬಂದು ಏಳದೆ ಕೂರುವ ಒಬ್ಬ ಹೆಂಗಸು ನನಗೆ ಸಿಕ್ಕಿದ್ದರೆ ಅವಳ ಸೆರಗನ್ನು ಚಾಪೆಗೆ ಕಟ್ಟಿಹಾಕುತ್ತಿದ್ದೆ. ನನಗೀಗ ಐವತ್ತು. ಈ ಐವತ್ತು ವರ್ಷದಲ್ಲಿ ನಮ್ಮ ಊರಿನ ಬಾಗಿಲು ತೆರೆದದ್ದು ಮೂರು ಸಲ. ನಿಮ್ಮ ಕಾಲದ ರೋಗವಲ್ಲ ಇದು, ಬೇರೆ ಜ್ವರ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬಂದಾಗ ಬಾಗಿಲುಕಟ್ಟು. ಅಂದರೆ ಒಂದು ಸೂರಿನ ಕೆಳಗೆ ಮಲಗುವವರು ಒಂದುಸಿರಿನವರು, ಅವರು ಇನ್ನೊಂದುಸಿರಿನವರ ಹೊಸ್ತಿಲು ದಾಟುವ ಹಾಗಿಲ್ಲ. ಬಯಲಲ್ಲಿ ಹತ್ತು ಹೆಜ್ಜೆ ದೂರ ನಿಂತು ಮಾತಾಡಬಹುದು. ಇಲ್ಲವೇ ಪ್ರತಿ ಮನೆಗೂ ಬೀದಿಯ ಕಡೆಗೆ ತೆರೆಯಲಾಗದ ಗಾಜಿನ ಕಿಂಡಿ ಇರುತ್ತದೆ, ಅದರ ಹೊರಗೆ ನೆಂಟಗಲ್ಲು ಅನ್ನುವ ಚಪ್ಪಡಿ. ನೆಂಟರು ಬಂದರೆ ತಮ್ಮ ಲೋಟ ತಾವೇ ತಂದು ಆ ಕಲ್ಲಿನ ಮೇಲೆ ಕೂತು ಹುರಿದ ಜೋಳದ ಕಷಾಯ ಕುಡಿದು, ಗೋಡೆಯ ಮಾತುಕೊಳವೆಗೆ ಬಾಯಿಟ್ಟು ಹರಟಿ ಹೋಗುತ್ತಾರೆ. ಕುಂಕುಮ ಕೊಡಬೇಕಾದರೆ ಕಲ್ಲಿನ ಮೇಲಿಟ್ಟು ಒಳಗೆ ಹೋಗುತ್ತೇವೆ, ಬಂದವಳು ತಾನೇ ಹಚ್ಚಿಕೊಳ್ಳುತ್ತಾಳೆ. ನನ್ನ ಹಣೆಗೆ ಇನ್ನೊಬ್ಬ ಹೆಂಗಸಿನ ಬೆರಳು ತಾಕಿ ಹದಿನಾಲ್ಕು ತಿಂಗಳಾಯಿತು.

ಬಾಗಿಲು ತೆರೆಯುವುದಕ್ಕೆ ಒಂದು ಲೆಕ್ಕವಿದೆ. ಪ್ರತಿ ಮನೆಯಲ್ಲೂ ಕೈಯಗಲದ ಬಿಳಿ ಬಟ್ಟೆ ಇರುತ್ತದೆ, ಉಸಿರುಬಟ್ಟೆ ಅಂತ. ಮಲಗುವ ಕೋಣೆಯಲ್ಲಿ ತೂಗುಹಾಕಿ ಬೆಳಿಗ್ಗೆ ಹೊರಗಿನ ಮೊಳೆಗೆ ಸಿಕ್ಕಿಸಬೇಕು. ಮನೆಯವರ ಉಸಿರಲ್ಲಿ ಜ್ವರ ಇದ್ದರೆ ಅಂಚು ನೀಲಿಯಾಗುತ್ತದೆ. ಊರಿನ ಆರೋಗ್ಯ ನೋಡುವ ಉಸಿರಕ್ಕ ಬೀದಿ ಬೀದಿ ಸುತ್ತಿ ನೋಡಿ ಬರೆದುಕೊಳ್ಳುತ್ತಾಳೆ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಎಲ್ಲ ಬಟ್ಟೆಯೂ ಬಿಳಿಯಾಗಿದ್ದರೆ ಬಾಗಿಲು ತೆರೆಯಬಹುದು. ತೆರೆಯಲೇಬೇಕು ಅಂತಿಲ್ಲ. ಮನೆಗೊಬ್ಬ ಹೆಂಗಸು ಚೌಡಮ್ಮನ ಗುಡಿಯ ಅಂಗಳಕ್ಕೆ ಬಂದು ಈಗಲೇ ತೆರೆಯಬೇಕೋ, ಇನ್ನು ಅರ್ಧ ಮಂಡಲ ತಡೆಯಬೇಕೋ ಹೇಳಬೇಕು. ನೋಡು, ನಿನಗೆ ಬಂದ ಪ್ರಶ್ನೆಯೇ ನನಗೂ ಬಂತು.

ಈಗ ನನ್ನ ಮಗಳ ವಿಷಯ. ಪಾರಿಜಾತ, ಒಬ್ಬಳೇ ಮಗಳು. ನಾವು ಪಾರಿ ಅನ್ನುತ್ತೇವೆ. ಅವಳನ್ನು ಕೊಟ್ಟಿರುವುದು ಎದುರು ಮನೆಗೇ. ನನ್ನ ಜಗಲಿಯಿಂದ ಅವರ ಜಗಲಿಗೆ ಮೂವತ್ತು ಹೆಜ್ಜೆ. ಮಂಡಲದ ಇಪ್ಪತ್ತೆರಡನೆಯ ದಿನ ಅವಳಿಗೆ ಹೆಣ್ಣುಕೂಸು ಹುಟ್ಟಿತು. ಚೊಚ್ಚಲು, ಅಕ್ಕ. ನಿಮ್ಮ ಕಾಲದಲ್ಲಿ ಚೊಚ್ಚಲು ಹೆರಿಗೆ ತವರಲ್ಲೇ ಅಂತ ಕೇಳಿದ್ದೇನೆ. ನಮ್ಮಲ್ಲಿ ಬಾಗಿಲುಕಟ್ಟಿನ ಹೊತ್ತಲ್ಲಿ ಯಾರೂ ಉಸಿರು ಬದಲಿಸುವ ಹಾಗಿಲ್ಲ. ಆದ್ದರಿಂದ ನನ್ನ ಮಗಳ ಬಾಣಂತನ ಮಾಡಿದ್ದು ಅವಳ ಅತ್ತೆ, ನನ್ನ ಬೀಗಿತ್ತಿ ಹಾಲಮ್ಮ.

ಹಾಲಮ್ಮನೂ ನಾನೂ ಬೇವಿನ ಮರದ ಕೆಳಗೆ ಹತ್ತು ಹೆಜ್ಜೆ ದೂರದ ಎರಡು ಕಲ್ಲಿನ ಮೇಲೆ ಕೂತು ಓದಿದವರು. ಆಗ ಏ ಹಾಲಿ, ಏ ತಿಪ್ಪಿ. ಬೀಗರಾದ ಮೇಲೆ ಸಿಟ್ಟು ಬಂದರೆ ಮಾತ್ರ "ನೀವು". ಕೂಸು ಹುಟ್ಟಿದ ಮೇಲೆ ನಾವು ಬರೀ "ನೀವು" ಅಂದುಕೊಂಡೇ ಮಾತಾಡಿದ್ದು.

ದಿನಾ ಬೆಳಿಗ್ಗೆ ಅವರ ಬಚ್ಚಲ ಹೊಗೆ ಎದ್ದ ಕೂಡಲೇ ನಾನು ನೆಂಟಗಲ್ಲಿನ ಮೇಲೆ ಕೂತಿರುತ್ತಿದ್ದೆ. ಗಾಜಿನೊಳಗೆ ಹಾಲಮ್ಮ ಕಾಲು ನೀಡಿ ಕೂತು, ನನ್ನ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ನೀವುತ್ತಿದ್ದಳು. ಆ ಎಣ್ಣೆಯನ್ನು ನಾನೇ ಕಾಯಿಸಿ ಕಲ್ಲಿನ ಮೇಲಿಟ್ಟು ಬರುತ್ತಿದ್ದೆ. ಅಂಟಿನುಂಡೆಯನ್ನೂ ನಾನೇ ಕಟ್ಟಿದ್ದು. ಆದರೆ ಕೈ ಅವಳದು. ಬೆನ್ನಿಗೆ ಕಡಿಮೆ ಹಚ್ಚುತ್ತಾಳೆ, ನೆತ್ತಿಗೆ ಜಾಸ್ತಿ. ಕೊಳವೆಯಲ್ಲಿ ಹೇಳಿದರೆ, "ಕೇಳಿಸ್ತಾ ಇಲ್ಲ ಬೀಗಿತ್ತಿಯವರೇ, ಕೂಸು ಅಳ್ತಾ ಇದೆ," ಅನ್ನುವಳು. ಕೂಸು ಅಳುತ್ತಿರಲಿಲ್ಲ. ನನಗೆ ಕಣ್ಣಿಲ್ಲವೇ?

ಒಂದು ದಿನ ಲೋಟ ಮರೆತೆ ಅಂತ ಅರ್ಧ ದಾರಿಯಿಂದ ಹಿಂದಕ್ಕೆ ಹೋದೆ. ಒಳಗೆ ಹಾಲಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಕೂಸಿಗೆ ದೃಷ್ಟಿ ತೆಗೆಯುತ್ತಿದ್ದಳು. ಆ ಬೆಳಿಗ್ಗೆ ಕಿಂಡಿಯ ಹತ್ತಿರ ಬಂದವಳು ನಾನೊಬ್ಬಳೇ. ಹೆತ್ತಜ್ಜಿಯ ಕಣ್ಣು ಕೆಟ್ಟ ಕಣ್ಣೇ! ಲೋಟ ಬಿಟ್ಟು ಬಂದೆ. ಆ ದಿನ ಊಟ ಸೇರಲಿಲ್ಲ. ನಮ್ಮ ಯಜಮಾನರು, "ದೇವಿಯನ್ನ ಗರ್ಭಗುಡಿಯ ಈಚೆ ನಿಂತು ನೋಡ್ತೀಯ. ಪೂಜಾರಪ್ಪ ಒಳಗೆ ಹೋಗ್ತಾನೆ ಅಂತ ಅವನ ಮೇಲೂ ಸಿಟ್ಟಾ ನಿಂಗೆ?" ಅಂದರು. ಹೌದು ಅಂದೆ. ಸುಳ್ಳಲ್ಲ. ಅವನು ಅಮ್ಮನಿಗೆ ಸೀರೆ ಉಡಿಸುವಾಗ ನೆರಿಗೆ ಸರಿಯಾಗಿ ಹಿಡಿಯುವುದಿಲ್ಲ ಅಂತ ಹತ್ತು ವರ್ಷದಿಂದ ನೋಡುತ್ತಿದ್ದೇನೆ.

ಬಾಣಂತನ ನಲವತ್ತು ದಿನ. ಮಂಡಲ ಮುಗಿದ ದಿನವೇ ತೆರೆದರೆ ಕೊನೆಯ ಹದಿಮೂರು ಹದಿನಾಲ್ಕು ದಿನವಾದರೂ ನನಗೆ ಸಿಗುತ್ತಿತ್ತು. ತಡೆದರೆ ಏನೂ ಇಲ್ಲ. ಚೊಚ್ಚಲ ಬಾಣಂತನ ಮತ್ತೆ ಬರುವುದಿಲ್ಲ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಎದ್ದರೂ ಇದೇ, ಕೂತರೂ ಇದೇ.

ನಲವತ್ತೊಂದನೆಯ ಬೆಳಿಗ್ಗೆ ನನ್ನ ಉಸಿರುಬಟ್ಟೆಯ ಅಂಚು ನೀಲಿಯಾಗಿತ್ತು.

ತೆಳು ನೀಲಿ, ಉಗುರಿನಷ್ಟು. ಹಿಂದಿನ ಸಂಜೆ ಕೂಸಿನ ಹೆಸರಿನಲ್ಲಿ ಚೌಡಮ್ಮನಿಗೆ ಹರಕೆ ಹೊತ್ತು, ಮನೆಯ ದೇವರ ಗೂಡಿನಲ್ಲಿ ಒಂದು ಹಿಡಿ ಕರ್ಪೂರ ಉರಿಸಿದ್ದೆ. ಕರ್ಪೂರದ ಹೊಗೆ ತಾಕಿದರೂ ಬಟ್ಟೆ ಒಮ್ಮೊಮ್ಮೆ ನೀಲಿಯಾಗುತ್ತದೆ, ದೇವರ ಗೂಡಿನ ಹತ್ತಿರ ತೂಗುಹಾಕಬೇಡಿ ಅಂತ ಉಸಿರಕ್ಕ ಹೇಳಿ ಹೇಳಿ ಸೋತಿದ್ದಾಳೆ. ನಮ್ಮದು ಇರುವುದೇ ಒಂದು ಕೋಣೆ. ದೇವರೂ ಅಲ್ಲೇ, ನಾವೂ ಅಲ್ಲೇ. ನನಗೆ ಕೆಮ್ಮಿಲ್ಲ, ಯಜಮಾನರಿಗೆ ಮೈ ಬಿಸಿಯಿಲ್ಲ. ಕರ್ಪೂರವೇ ಇರಬೇಕು. ಆದರೆ ನೀಲಿ ಕಂಡರೆ ಕಾರಣ ನೋಡದೆ ಹೇಳಬೇಕು ಅನ್ನುವುದು ಕಟ್ಟು. ನಾನು ಹೇಳಲಿಲ್ಲ. ಆ ಬಟ್ಟೆಯನ್ನು ಮಡಿಸಿ ಚೌಡಮ್ಮನ ಪಟದ ಹಿಂದೆ ಇಟ್ಟು ಹೊಸ ಬಟ್ಟೆ ಮೊಳೆಗೆ ಹಾಕಿದೆ. ಉಸಿರಕ್ಕ ಬಂದಳು, ನೋಡಿದಳು, ಬರೆದುಕೊಂಡು ಹೋದಳು. ನಲವತ್ತು ವರ್ಷ ಉಪವಾಸ ವ್ರತ ಮಾಡಿದ ಕೈ ಅದು.

ನಲವತ್ತೇಳನೆಯ ಸಂಜೆ ಗುಡಿಯ ಅಂಗಳದಲ್ಲಿ ಸೇರಿದೆವು. ಹಾಲಮ್ಮ ಮೊದಲೇ ಎದ್ದು, "ಅರ್ಧ ಮಂಡಲ ತಡೆಯೋಣ. ನನ್ನ ಮನೇಲಿ ಎಳೇ ಕೂಸೈತೆ," ಅಂದಳು.

ನಾನು ಬಿಡಲಿಲ್ಲ. "ಕೂಸನ್ನ ಬಚ್ಚಿಟ್ಟುಕೊಳ್ಳಾಕೆ ಬೀಗಿತ್ತಿಯವರಿಗೆ ಒಂದು ನೆಪ ಬೇಕಿತ್ತು," ಅಂದೆ.

"ಬಚ್ಚಿಡೋಕೆ ಅದೇನು ಬೆಲ್ಲದಚ್ಚಾ? ದಿನಾ ಗಾಜಿಗೆ ಮೂಗು ಒತ್ತಿ ಕೂತಿರ್ತೀರಲ್ಲ. ನನ್ನ ಕೈ ನೋಡೋದೇ ಆಯ್ತು ನಿಮಗೆ. ಕೂಸನ್ನ ಯಾವಾಗ ನೋಡ್ತೀರಿ?"

ಎಲ್ಲರೂ ನಕ್ಕರು. ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಆದರೆ ಜನ ನನ್ನ ಕಡೆಗಿದ್ದರು. ಹದಿನಾಲ್ಕು ತಿಂಗಳು ಯಾರಿಗೆ ತಾನೆ ಸಾಕಾಗಿರಲಿಲ್ಲ? ಬಟ್ಟೆಯೆಲ್ಲ ಬಿಳಿಯೇ ಇದೆಯಲ್ಲ ಅಂದರು. ಒಬ್ಬೊಬ್ಬರಾಗಿ ತೆರೆಯೋಣ ತೆರೆಯೋಣ ಅನ್ನುತ್ತ ಬಂದರು. ಹಾಲಮ್ಮ ನನ್ನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ಹಳೆಯ ಹೆಸರು ಹಿಡಿದು ಕರೆದಳು.

"ಆಯ್ತು ತಿಪ್ಪಿ. ತೆರೀಲಿ. ನಾಳಿದ್ದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ನೀನೇ ಬಾ. ಹಂಡೆ ನೀರು ಕಾಯಿಸಿ ಇಟ್ಟಿರ್ತೀನಿ. ಕೂಸಿಗೆ ನೀರು ನೀನೇ ಹಾಕು. ನಿನ್ನ ಮಗಳು ಬಚ್ಚಲಲ್ಲಿ ದಿನಾ ನಿನ್ನನ್ನೇ ನೆನೆಸಿಕೊಂಡು ಅಳ್ತಾಳೆ. ನನ್ನ ಕೈ ಅವಳಿಗೆ ಹಿಡಿಸಲ್ಲ."

ನಾನು ಬೇಡಿಕೊಂಡದ್ದು ಅದನ್ನೇ. ಅವಳು ತಾನಾಗಿ ನನ್ನ ಮಡಿಲಿಗೆ ಹಾಕಿದಳು. ಆಗ ಕಾಲ ಮೇಲೆ ಕೂಸು ಮಲಗಿದ ಹಾಗೆ, ನಾನು ಅದರ ಮುಖಕ್ಕೆ ಬಗ್ಗಿದ ಹಾಗೆ, ನನ್ನ ಉಸಿರು ಅದಕ್ಕೆ ತಾಕಿದ ಹಾಗೆ ಆಯಿತು. ಮೊದಲನೆಯ ಸಲ ಕೂಸು ಕಂಡಿತು, ಹಾಲಮ್ಮನ ಕೈ ಕಾಣಲಿಲ್ಲ. ಎದುರಿಗೆ ಚೌಡಮ್ಮ ಕಣ್ಣು ಬಿಟ್ಟುಕೊಂಡು ಕೂತಿದ್ದಳು.

"ನನ್ನ ಬಟ್ಟೆ ನೀಲಿಯಾಗಿತ್ತು," ಅಂದೆ. "ಆರು ದಿನದ ಹಿಂದೆ. ಬದಲಿಸಿದೆ."

ಆಮೇಲೆ ಬಂದ ಮಾತುಗಳನ್ನು ಅಮ್ಮನ ಪಟದ ಹಿಂದೆ ಇಡುವ ಈ ಕಾಗದದಲ್ಲಿ ಬರೆಯಲಾರೆ. "ದೇವರು ದೇವರು ಅನ್ನೋಳೇ ಹಿಂಗೆ ಮಾಡಿದ್ರೆ," ಅಂತ ಯಾರೋ ಅಂದದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಊರಿಗೆ ಅರ್ಧ ಮಂಡಲ ತಡೆ, ನಮ್ಮ ಮನೆಗೆ ಇಡೀ ಮಂಡಲ. ಜಗಲಿ ಇಳಿಯುವ ಹಾಗಿಲ್ಲ, ಗಾಜಿನ ಕಿಂಡಿಗೂ ಹೋಗುವ ಹಾಗಿಲ್ಲ. ಉಸಿರಕ್ಕ ಆ ಬಟ್ಟೆ ತೆಗೆದುಕೊಂಡು ಹೋಗಿ ನೋಡಿದಳು. ಕರ್ಪೂರವೋ ಜ್ವರವೋ, ಹಳೆಯದಾದ್ದರಿಂದ ಹೇಳುವುದಕ್ಕೆ ಬರುವುದಿಲ್ಲ ಅಂದಳು. ಇವತ್ತಿನವರೆಗೆ ನಮ್ಮಿಬ್ಬರಿಗೂ ಏನೂ ಆಗಿಲ್ಲ. ಕರ್ಪೂರವೇ ಇದ್ದಿರಬಹುದು. ಹಾಗಿದ್ದರೆ ಆ ಹದಿಮೂರು ಹದಿನಾಲ್ಕು ದಿನವನ್ನು ಕೈಯಾರೆ ಬಿಟ್ಟೆ. ಅದು ನನಗೆ ಎಂದೂ ತಿಳಿಯುವುದಿಲ್ಲ, ಅಕ್ಕ.

ಅದಾಗಿ ಇವತ್ತಿಗೆ ಹದಿನಾಲ್ಕು ದಿನ. ಪಾರಿಗೆ ನಲವತ್ತು ತುಂಬಿತು. ಬಾಣಂತನ ಮುಗಿಯಿತು.

ಬೆಳಿಗ್ಗೆ ಎಲ್ಲರೂ ಕೆರೆಯಂಗಳಕ್ಕೆ ಹೊರಟ ಮೇಲೆ ಎದುರು ಮನೆಯ ಬಾಗಿಲು ತೆರೆಯಿತು. ಹಾಲಮ್ಮ ಕೂಸನ್ನು ಎತ್ತಿಕೊಂಡು ಬೀದಿಗಿಳಿದಳು. ಪಾರಿ ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಹಾಲಮ್ಮ ಒಂದೊಂದೇ ಹೆಜ್ಜೆ ಎಣಿಸಿಕೊಂಡು ಬಂದು, ನನ್ನ ಜಗಲಿಯಿಂದ ಹತ್ತು ಹೆಜ್ಜೆಗೆ ಸರಿಯಾಗಿ ನಿಂತಳು. ಎಳೆಬಿಸಿಲಲ್ಲಿ ಸುತ್ತಿದ್ದ ಬಟ್ಟೆ ಬಿಚ್ಚಿ, ಆಗಷ್ಟೇ ನೀರು ಹಾಕಿಸಿಕೊಂಡು ಕೆಂಪಗಾಗಿದ್ದ ಕೂಸನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದಳು. ನಡುವೆ ಗಾಜಿರಲಿಲ್ಲ.

"ನೋಡು. ಕೈಯಲ್ಲ, ಕೂಸನ್ನ ನೋಡು," ಅಂದಳು.

ನೋಡಿದೆ. ಹಣೆ ನನ್ನ ಅವ್ವನದು. ಕಾಲಿನ ಕಿರುಬೆರಳು ನನ್ನದು, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಬಲಗಿವಿಯ ಹಿಂದೆ ಕಡಲೆಹಿಟ್ಟು ಹಾಗೇ ಉಳಿದಿತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಹೇಳಲಿಲ್ಲ. "ಚೆನ್ನಾಗಿ ಮಾಡಿದೀಯ ಹಾಲಿ," ಅಂದೆ. ಆ ಒಂದು ಮಾತು ಹೇಳುವುದಕ್ಕೆ ನನಗಾದ ಸಂಕಟ ಅಮ್ಮನಿಗೊಬ್ಬಳಿಗೇ ಗೊತ್ತು. ನಿಜವಾಗಿಯೂ ಚೆನ್ನಾಗಿಯೇ ಮಾಡಿದ್ದಳು, ಸಂಕಟ ಇದ್ದದ್ದೇ ಅಲ್ಲಿ. ಮನೆಗೆ ಹೋದ ಮೇಲೆ ಅವಳು ದೃಷ್ಟಿ ತೆಗೆದಿರುತ್ತಾಳೆ. ತೆಗೆಯಲಿ. ತೆಗೆಯಬೇಕಾದ ಕಣ್ಣೇ ನನ್ನದು.

ಇನ್ನು ಹತ್ತು ದಿನಕ್ಕೆ ಊರಿಗೆಲ್ಲ ಬಾಗಿಲು ತೆರೆಯುತ್ತದೆ, ನನಗೆ ಮೂವತ್ತನಾಲ್ಕು. ಹಾಲಮ್ಮನ ಮನೆಯಲ್ಲಿ ಹೆಂಗಸರು ಕೂಸನ್ನು ಕೈಯಿಂದ ಕೈಗೆ ದಾಟಿಸುವುದನ್ನು ಇಲ್ಲಿಂದಲೇ ನೋಡುತ್ತೇನೆ. ಅಷ್ಟು ದಿನ ಹೊಟ್ಟೆಕಿಚ್ಚಿಗೆ ನನಗೆ ಸೌದೆ ಸಾಲದೆ ಬರುವುದಿಲ್ಲ.

ಈ ಕಾಗದವನ್ನು ಅಮ್ಮನ ಪಟದ ಹಿಂದೆ ಇಡುತ್ತೇನೆ, ಆ ಬಟ್ಟೆ ಇಟ್ಟಿದ್ದ ಜಾಗದಲ್ಲೇ. ನಿನ್ನ ಕಾಗದವನ್ನು ಇಷ್ಟು ಮುಂದಕ್ಕೆ ತಂದ ಚೌಡಮ್ಮ ನನ್ನದನ್ನು ಅಷ್ಟು ಹಿಂದಕ್ಕೆ ತಲುಪಿಸಲಾರಳೇ? ನಿನ್ನನ್ನು ಕೇಳಿಕೊಳ್ಳುವುದು ಇಷ್ಟೇ. ಮೂರು ವಾರ ತಡೆಯಬೇಕು ಅಂದರೆ ತಡಿ. ಅದು ಬಲು ಸಣ್ಣ ಕಾಲ, ನನ್ನ ಮಾತು ನಂಬು. ಆ ಮೂರು ವಾರದಲ್ಲಿ ಪೆನ್ಸಿಲು ಹಿಡಿದು ಕಮಲಾಕ್ಷಿಯ ಹೆಸರನ್ನು ಮತ್ತೆ ಬರಿ. ಅವಳು ನಿನಗೆ ಏನು ಮಾಡಿದಳೋ ನನಗೆ ಗೊತ್ತಿಲ್ಲ. ಕಾಗದ ಹರಿಯುವ ಹಾಗೆ ಗೀಚಿದ್ದೀಯ ಅಂದಮೇಲೆ ಅವಳ ಹತ್ತಿರ ನಿನಗೆ ಬೇಕಾದದ್ದು ಏನೋ ಇದೆ ಅಂತ ಮಾತ್ರ ಗೊತ್ತು. ಬಾಗಿಲು ತೆರೆದ ದಿನ ಮೊದಲು ಅವಳನ್ನೇ ಕರಿ. ಒಳಗೆ ಕೂರಿಸು. ನಿನ್ನ ಬೆರಳಿನಿಂದಲೇ ಅವಳ ಹಣೆಗೆ ಕುಂಕುಮ ಹಚ್ಚು.

ಆಗಲೂ ನಿನ್ನ ಮೇಲಿನ ನನ್ನ ಹೊಟ್ಟೆಕಿಚ್ಚು ಹೋಗುವುದಿಲ್ಲ. ಚಾಪೆ ಹಾಸುವ ಮುಂಚೆ ಉಪ್ಪು ಮೆಣಸಿನಕಾಯಿ ತೆಗೆದು, ನಿನ್ನ ಮನೆಗೂ ಒಂದು ಸಲ ದೃಷ್ಟಿ ಇಳಿಸಿಬಿಡು.

ಎದುರು ಜಗಲಿಯ
ತಿಪ್ಪಮ್ಮ