ಬ್ಯಾಲೆ ಕ್ಲಾಸಿಗೆ ಒಡೆದ ಕಾಯಿ

ತಿಪಟೂರು
20-1-2002, ಭಾನುವಾರ

ಅಕ್ಕಾ,

ನೀಲುವನ್ನು ಬ್ಯಾಲೆ ಕ್ಲಾಸಿನವರು ಬೇಡ ಅನ್ನಲಿಲ್ಲ. ಅವಳ ಪಾದದ ಬಗ್ಗೆ ಅಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಆಡಿದವಳು ನಾನು. ವಿಜಯದಶಮಿಯಿಂದ ಇಲ್ಲಿಯವರೆಗೆ, ಹೆಚ್ಚುಕಡಿಮೆ ಮೂರು ತಿಂಗಳು, ನಿನಗೂ ಅಪ್ಪ ಅಮ್ಮನಿಗೂ ಹೇಳದೆ ಮುಚ್ಚಿಟ್ಟಿದ್ದೆ. ಕ್ಷೇಮ ಸಮಾಚಾರದಿಂದ ಶುರುಮಾಡಿದರೆ ಅಲ್ಲೇ ನಿಂತುಬಿಡುತ್ತೇನೆ ಅನ್ನಿಸಿ ಇದನ್ನೇ ಮೊದಲು ಬರೆದೆ.

ನಿಮ್ಮ ಮಗುವನ್ನು ನಮ್ಮ ಹತ್ತಿರ ಬಿಟ್ಟು ನೀನೂ ಭಾವನೂ ಸಿಂಧನೂರಿನ ಕಡೆಯ ಶಾಲೆಯ ಕೆಲಸಕ್ಕೆ ಹೊರಟಾಗ ನನಗೆ ಒಪ್ಪಿಸಿದ್ದು ಒಂದೇ ಕೆಲಸ. "ಕುಣಿಯೋದು ಅಂದ್ರೆ ಪ್ರಾಣ ಬಿಡ್ತಾಳೆ ಕಣೇ, ಊರಲ್ಲಿರೋ ಕ್ಲಾಸೆಲ್ಲ ನೋಡಿ ಒಳ್ಳೇದು ಆರ್ಸು" ಅಂದಿದ್ದೆ. ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟ ಮೇಲೆ ಯಾರೂ ನನಗೆ ಏನನ್ನೂ ಆರಿಸಲು ಹೇಳಿರಲಿಲ್ಲ. ಸೀರೆ ಅಂಗಡಿಗೆ ಹೋದರೂ ಅಮ್ಮ ನನ್ನನ್ನು ಕೇಳುವುದಿಲ್ಲ. ಅದಕ್ಕೇ ಈ ಕೆಲಸವನ್ನು ಸರಿಯಾಗಿ ಮಾಡಬೇಕು ಅಂದುಕೊಂಡಿದ್ದೆ. ಇದು ನಿಜ, ನಂಬು.

ಮೊದಲು ಇಮ್ದಾದ್ ಹತ್ತಿರ ಹೋದೆವು. ಟೈಲರ್ ಶೌಕತ್ ಅಲಿಯವರ ಮಗ. ಅಂಗಡಿಯ ಮಹಡಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಹುಡುಗರಿಗೆ ಸಿನಿಮಾ ಡ್ಯಾನ್ಸ್ ಕಲಿಸುತ್ತಾನೆ. ನೀಲು ಎರಡು ಹಾಡಿಗೆ ಕುಣಿದಳು. ಅವನು ಟೇಪು ನಿಲ್ಲಿಸಿ, "ಅಕ್ಕಾ, ನಂಗೆ ಬರೋದು ಸ್ಕೂಲ್ ಡೇ ಸ್ಟೆಪ್ಪು ಅಷ್ಟೆ. ಈ ಮಗೂನ ಇಲ್ಲಿ ಹಾಳು ಮಾಡ್ಬೇಡಿ, ರಾಮಲಕ್ಷ್ಮಮ್ಮನೋರ ಹತ್ರ ಸೇರ್ಸಿ" ಅಂದ. ಬಂದ ಗಿರಾಕಿಯನ್ನು ತಾನೇ ವಾಪಸ್ ಕಳಿಸುವ ಅಂಗಡಿಯವನನ್ನು ನಾನು ಅದೇ ಮೊದಲು ನೋಡಿದ್ದು.

ರಾಮಲಕ್ಷ್ಮಮ್ಮನವರು ಹಿಂದೆ ಬೆಂಗಳೂರಿನಲ್ಲಿ ನೃತ್ಯನಾಟಕಗಳಲ್ಲಿ ಕುಣಿಯುತ್ತಿದ್ದವರು. ಮನೆಯ ಮುಂದಿನ ಬೋರ್ಡಿನಲ್ಲಿ 'ನೃತ್ಯ ಮತ್ತು ಬ್ಯಾಲೆ ಶಾಲೆ' ಎಂದಿದೆ, ಊರಿನವರ ಬಾಯಲ್ಲಿ ಬರೀ ಬ್ಯಾಲೆ ಕ್ಲಾಸು. ಎರಡು ಸಂಜೆ ಕಿಟಕಿಯಲ್ಲಿ ನಿಂತು ನೋಡಿದೆವು. ಮಗು ತಪ್ಪಿದರೆ ಅವರು ಗದರುವುದಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಡಿಯನ್ನು ಎರಡು ಬೆರಳಿನಲ್ಲಿ ಇಷ್ಟೇ ಇಷ್ಟು ಹೊರಗೆ ತಿರುಗಿಸಿ ಏಳುತ್ತಾರೆ. ನೀಲು ಕಿಟಕಿಯ ಸರಳು ಹಿಡಿದು ಹೊರಗಡೆಯೇ ಹೆಜ್ಜೆ ಹಾಕುತ್ತಿದ್ದಳು. "ಇಲ್ಲೇ ಕಣೇ ಚಿಕ್ಕಮ್ಮ, ಬೇರೆ ಎಲ್ಲೂ ನೋಡದೇ ಬ್ಯಾಡ" ಅಂದಳು. ನನಗೂ ಹಾಗೇ ಅನ್ನಿಸಿತು. ಅಂದರೆ ಆರಿಸುವುದರಲ್ಲಿ ನಾನು ತಪ್ಪಲಿಲ್ಲ ಅಕ್ಕ. ಆರಿಸಿದ ಮೇಲೆ ಕೆಡಿಸಿದೆ.

ಆ ಮನೆ ನಾನು ಬಿಟ್ಟ ಹೈಸ್ಕೂಲಿನ ಹಿಂದೆಯೇ ಇದೆ. ನನ್ನ ಜೊತೆ ಓದಿದವರ ತಂಗಿಯರು, ಅಕ್ಕನ ಮಕ್ಕಳು ಅಲ್ಲಿ ಕಲಿಯುತ್ತಾರೆ. ಹೊಸಬರನ್ನು ಸೇರಿಸಿಕೊಳ್ಳುವುದು ವಿಜಯದಶಮಿಯ ದಿನ ಮಾತ್ರ. ಮನೆಯವರು ತಂದ ಕಾಯನ್ನು ಎಲ್ಲರೆದುರು ಒಡೆದು, ಆ ನೀರನ್ನು ಮಗುವಿನ ಪಾದಕ್ಕೆ ಮುಟ್ಟಿಸಿದರೆ ಸೇರಿದ ಹಾಗೆ. ಹಿಂದಿನ ದಿನದಿಂದಲೇ ನನಗೆ ಒಂದೇ ಯೋಚನೆ: ಅಲ್ಲಿ ಯಾರು ಯಾರು ಇರುತ್ತಾರೆ, ಈಗೇನು ಮಾಡ್ತಿದ್ದೀಯ ಎಂದು ಕೇಳಿದರೆ ಏನು ಹೇಳಲಿ. ಅದೇ ಗುಂಗಿನಲ್ಲಿ ಬೆಳಿಗ್ಗೆ ಅಟ್ಟ ಹತ್ತಿ, ಕೈಗೆ ಸಿಕ್ಕಿದ ಕಾಯಿ ಇಳಿಸಿ ಸುಲಿದೆ. ನೀರಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲಿಲ್ಲ. ಹಗುರ ಅನ್ನಿಸಿತು, ಆದರೂ ಚೀಲಕ್ಕೆ ಹಾಕಿಕೊಂಡೆ. ಅಪ್ಪನ ಕೊಬ್ಬರಿ ಮಂಡಿಗೆಂದು ವರ್ಷಗಟ್ಟಲೆ ಕಾಯಿ ಒಣಗಿಸುವ ಅಟ್ಟದ ಕೆಳಗೇ ಹುಟ್ಟಿ ಬೆಳೆದವಳು ನಾನು.

ನನ್ನ ಸರದಿ ಬಂತು. ಕಲ್ಲಿಗೆ ಹೊಡೆದೆ. ಒಂದು ತೊಟ್ಟು ನೀರಿಲ್ಲ. ಕರಟ ಎರಡು ಹೋಳಾಗಿ ಒಳಗಿನಿಂದ ಉಂಡೆ ಕೊಬ್ಬರಿ ಚೆಂಡಿನ ಹಾಗೆ ಆಚೆ ಬಂದು, ಉರುಳಿಕೊಂಡು ಹೋಗಿ ಹೊಂಬಾಳಮ್ಮನ ಕಾಲ ಹತ್ತಿರ ನಿಂತಿತು. ನನ್ನ ಕ್ಲಾಸಿನಲ್ಲಿದ್ದ ಶೈಲಜಳ ತಾಯಿ, ನಿನಗೂ ಗೊತ್ತು. "ಏನೇ ಮಧು, ಟೀಚರಮ್ಮನ ಮನೇಲೂ ಮಂಡಿ ತೆಗಿಯಕ್ಕೆ ಬಂದ್ಯಾ?" ಅಂದರು. ಎಲ್ಲರೂ ನಕ್ಕರು. ಅಷ್ಟಕ್ಕೆ ನಿಂತಿದ್ದರೆ ನಾನೂ ನಗುತ್ತಿದ್ದೆನೋ ಏನೋ. "ಮಂಡಿ ಶಂಭುಲಿಂಗಯ್ಯನ ಮಗ್ಳು, ಕಾಯಿ ಯಾವ್ದು ಕೊಬ್ರಿ ಯಾವ್ದು ಅಂತ ಗೊತ್ತಾಗ್ಲಿಲ್ವಲ್ರೀ! ಎಸ್ಸೆಸ್ಸೆಲ್ಸಿನೇ ದಾಟ್ನಿಲ್ಲ, ಇನ್ನು ಇದೆಲ್ಲಿ ಗೊತ್ತಾಗ್ಬೇಕು ಬುಡಿ" ಅಂದರು. ಹಿಂದಿನಿಂದ ಇನ್ಯಾರೋ, ನೀರಿಲ್ಲದ ಕಾಯಿ ಮಗುವಿಗೆ ಒಳ್ಳೆಯದಲ್ಲ ಅಂದರು.

ರಾಮಲಕ್ಷ್ಮಮ್ಮನವರು ಮಾತ್ರ, "ಸುಮ್ನಿರ್ರೀ, ಕೊಬ್ರಿ ಇನ್ನೂ ಸಿಹಿ. ಒಳಗೆ ಕಾಯಿ ಐತೆ, ತತ್ತೀನಿ ತಡಿ ಮಗಾ" ಅಂದು ಎದ್ದರು. ಅವರು ಕಾಯಿ ಹಿಡಿದು ಬರುವಷ್ಟರಲ್ಲಿ ನಾನು ನೀಲುವಿನ ಕೈ ಹಿಡಿದು ಎಳೆದುಕೊಂಡು ಗೇಟು ದಾಟಿದ್ದೆ. ಅವರು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ಮಗು ದಾರಿಯುದ್ದಕ್ಕೂ "ಟೀಚರ್ ಕರೀತಾವ್ರೆ ಚಿಕ್ಕಮ್ಮ" ಅನ್ನುತ್ತಲೇ ಇದ್ದಳು.

ಮನೆಯಲ್ಲಿ ಅಮ್ಮ ಪಾಯಸಕ್ಕೆ ಇಟ್ಟಿದ್ದಳು. ಯಾಕೆ ಇಷ್ಟು ಬೇಗ ಬಂದಿರಿ ಅಂದಳು. ಕಾಯಿ ವಿಷಯ ಹೇಳಲು ಬಾಯಿ ಬರಲಿಲ್ಲ. "ನೀಲುದು ಚಪ್ಪಟೆ ಪಾದವಂತೆ, ಬ್ಯಾಲೆಗೆ ಆಗಲ್ವಂತೆ" ಅಂದೆ. ಅಮ್ಮ ಟೀಚರಿಗೆ ಶಾಪ ಹಾಕುತ್ತಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನೀಲು ಅಳಲಿಲ್ಲ. ತನ್ನ ಪಾದವನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಟೀಚರ್ ನಮ್ಮನ್ನು ಕೂಗಿದ್ದು ಅದನ್ನು ಹೇಳುವುದಕ್ಕೇ ಇರಬೇಕು ಅಂದುಕೊಂಡಳಂತೆ. ಇದನ್ನು ಅವಳೇ ಮೊನ್ನೆ ಹೇಳಿದಳು.

ಆಮೇಲಿನದು ನೀನೇ ನೋಡಿದ್ದೀಯ. ಬಚ್ಚಲಿನಿಂದ ಬಂದರೆ ನೆಲದ ಮೇಲಿನ ಒದ್ದೆ ಹೆಜ್ಜೆಯನ್ನು ಲಂಗದಲ್ಲಿ ಒರೆಸಿ ಅಳಿಸುತ್ತಾಳೆ. ಮನೆಯೊಳಗೂ ಶಾಲೆಯ ಕಾಲುಚೀಲ ಬಿಚ್ಚುವುದಿಲ್ಲ. ನಿನಗೂ ಅದೇ ಸುಳ್ಳನ್ನು ಬರೆದೆ. ನೀನು "ಆ ಪಾದ ನನ್ನ ಕಡೆಯಿಂದಲೇ ಬಂದಿರಬೇಕು, ಪಾಪದ ಕೂಸು" ಎಂದು ಉತ್ತರ ಬರೆದೆ. ಸಂಕ್ರಾಂತಿಗೆ ಬಂದಾಗ ನೀನು ಮೂರು ದಿನವೂ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಅವಳ ಪಾದ ತೀಡಿದೆ, ಹಳ್ಳ ಬೀಳಲಿ ಎಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ. ಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಶುಕ್ರವಾರ ರಾಮಲಕ್ಷ್ಮಮ್ಮನವರು ಕೊಬ್ಬರಿ ಕೊಳ್ಳಲು ಮಂಡಿಗೆ ಬಂದರು. ಅಪ್ಪ ಒಳಗಿದ್ದರು. ಮಗುವನ್ನು ಯಾಕೆ ವಾಪಸ್ ಕರೆತರಲಿಲ್ಲ ಎಂದು ನನ್ನನ್ನು ಕೇಳಿದರು. ಅಕ್ಕನ ಊರಿಗೆ ಹೋದಳು ಎಂದೆ. ಮಾತು ಮುಗಿಯುವ ಮುಂಚೆ ನೀಲು ಮೂಟೆಗಳ ಹಿಂದಿನಿಂದ ಬಂದಳು, ಅದೇ ಕಾಲುಚೀಲದಲ್ಲಿ. "ನಿನ್ ಕಾಲು ನೋಡಾಣ ಬಾ ಮಗಾ" ಅಂದರೆ ಇವಳು ಹಿಂದಕ್ಕೆ ಸರಿದು, "ಬ್ಯಾಡ. ಚಪ್ಪಟೆ ಅಂತ ನೀವೇ ಹೇಳಿದ್ರಲ್ಲ" ಅಂದಳು. ಅವರು ಮಗುವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಅಲ್ಲೇ ಹೇಳಿಬಿಟ್ಟೆ. ಅವರೆದುರು, ಮಗುವಿನೆದುರು, ಒಳಗಿನಿಂದ ಬಂದ ಅಪ್ಪನೆದುರು. ಅಪ್ಪ ತಕ್ಕಡಿಯ ಪಕ್ಕದಲ್ಲಿ ಕೂತುಬಿಟ್ಟರು. ಆಮೇಲೆ ವಿಷಯ ತಿಳಿದ ಅಮ್ಮ, "ನಿನ್ ಮಾನ ಮುಚ್ಕಣಕ್ಕೆ ಬ್ಯಾರೆ ಯಾರೂ ಸಿಗ್ನಿಲ್ವೇನೆ, ಆರು ವರ್ಷದ ಕೂಸೇ ಬೇಕಾಗಿತ್ತಾ?" ಅಂದಳು.

ಟೀಚರ್ ಬೈಯಲಿಲ್ಲ. ವಿಜಯದಶಮಿಯವರೆಗೆ ಕಾಯಬೇಕಿಲ್ಲ, ಯಾವತ್ತು ಬಂದರೂ ಸೇರಿಸಿಕೊಳ್ಳುತ್ತೇನೆ ಅಂದರು. "ಆದ್ರೆ ಎಳ್ಕೊಂಡು ಬರ್ಬ್ಯಾಡ. ತಾನಾಗಿ ಕಾಲುಚೀಲ ಬಿಚ್ಚಿ ಬರ್ಲಿ" ಅಂದು ಹೋದರು.

ನೀಲು ಬಿಚ್ಚುತ್ತಿಲ್ಲ ಅಕ್ಕ. ನಿಜ ಗೊತ್ತಾದರೆ ಖುಷಿಯಿಂದ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಎರಡು ದಿನದಿಂದ ನನ್ನ ಹತ್ತಿರ ಬರುತ್ತಿಲ್ಲ. ನಿನ್ನೆ ಕೂರಿಸಿಕೊಂಡು, ನಿನ್ನ ಪಾದ ಚೆನ್ನಾಗಿದೆ, ನಾನು ಸುಳ್ಳು ಹೇಳಿದ್ದೆ ಅಂದೆ. "ಈಗ ಹೇಳ್ತಿರೋದು ಸುಳ್ಳಲ್ಲ ಅಂತ ಹೆಂಗೆ ಗೊತ್ತಾಗದು?" ಅಂದಳು. ಅಜ್ಜಿ ಹೇಳಿದರೂ ನಂಬಲಿಲ್ಲ, ಅಜ್ಜಿಗೆ ಹೇಳಿಕೊಟ್ಟವಳೂ ನಾನೇ ಅಲ್ಲವೆ. ಕೊನೆಗೆ, "ಅಮ್ಮ ನೋಡಿ ಹೇಳ್ಲಿ" ಅಂದಳು. ಮೂರು ದಿನ ಎಣ್ಣೆ ತೀಡಿದವಳು ನೀನು. ಚಪ್ಪಟೆ ಎಂದು ನೀನೂ ನಂಬಿಯೇ ತೀಡಿದ್ದು ಅವಳಿಗೆ ಗೊತ್ತು. ಹಾಗಾಗಿ ನೀನೇ ಅವಳ ಕಾಲುಚೀಲ ಬಿಚ್ಚಿ, ನೋಡಿ ಹೇಳಬೇಕು.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಕ್ಷಮೆ ಕೇಳಬೇಕಾದದ್ದು ಮೊದಲು ಅವಳನ್ನು, ಅವಳು ಇನ್ನೂ ಕೊಟ್ಟಿಲ್ಲ.

ನಿನ್ನ ತಂಗಿ,
ಮಧುಶ್ರೀ

ಮತ್ತೊಂದು ಮಾತು: ಚಪ್ಪಟೆ ಪಾದ ನನ್ನದು. ಏಳನೇ ಕ್ಲಾಸಿನಲ್ಲಿ ಆಗಸ್ಟ್ ಹದಿನೈದರ ಡ್ಯಾನ್ಸಿಗೆ ಸಾಲು ನಿಲ್ಲಿಸಿದಾಗ ಡ್ರಿಲ್ ಮೇಷ್ಟ್ರು ಎಲ್ಲರೆದುರು ಆ ಮಾತು ಹೇಳಿ ನನ್ನನ್ನು ಪಕ್ಕಕ್ಕೆ ಕಳಿಸಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದು ಎಷ್ಟು ನೋಯುತ್ತದೆ ಎಂದು ಗೊತ್ತಿದ್ದೂ ಮಗುವಿನ ಮೇಲೆ ಹಾಕಿದೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಎದುರು ನಿಂತು ಇಷ್ಟನ್ನು ಹೇಳಲಾರೆ, ನೀನು ಓದಿ ಮುಗಿಸುವವರೆಗೆ ಹೊರಗೆ ಇರುತ್ತೇನೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನೂ ನೀಲುವೂ ಹೊರಡುತ್ತೇವೆ.