ಒಂದು ಕಂಬ, ಎರಡು ಸುಳ್ಳು

ಗ್ಯಾನೆಟ್ ಬೇ
ಫೆಬ್ರವರಿ ೧೩, ಶುಕ್ರವಾರ ಮಧ್ಯಾಹ್ನ

ಅಲೆಗಳನ್ನೇ ಗದರಿಸಬಲ್ಲ ಮರ್ಲ್ ಆಂಟಿಗೆ,

ತಲೆ ತಗ್ಗಿಸಿ ನಿಂತ ಅಪರಾಧಿ ಟಿಲ್ಲಿಯ ವಂದನೆಗಳು. ಓದುವಾಗ ಕೈಯಲ್ಲಿ ಬಿಸಿ ಚಹಾ ಇದ್ದರೆ ದಯವಿಟ್ಟು ಕೆಳಗಿಡಿ.

ಫೇಸ್‌ಬುಕ್‌ನಲ್ಲಿ ಬಂದರಿನ ಜೆಟ್ಟಿಯ ಕಂಬದ ಫೋಟೋ ಹಾಕಿ, ಅಜ್ಜನ ಕಾಲದಲ್ಲೂ ನೀರು ಇಲ್ಲಿಗೇ ಬರುತ್ತಿತ್ತು, ಹವಾಮಾನ ಬದಲಾವಣೆ ಬರೀ ಬೊಗಳೆ ಎಂದು ಸಾರಿದ 'ಉಪ್ಪುನೀರಿನ ಬಿಲ್' ನಾನೇ. ನೀವು ಅದಕ್ಕೆ ಮೂರು ಚಪ್ಪಾಳೆ ಒತ್ತಿದ್ದಿರಿ. ಅದೇ ಫೋಟೋವನ್ನು ಇನ್ನೊಂದು ಪುಟದಲ್ಲಿ ಹಾಕಿ, ಬರುವ ಕ್ರಿಸ್‌ಮಸ್ ಹೊತ್ತಿಗೆ ಊರೇ ಮುಳುಗುತ್ತದೆ ಎಂದು ಗೋಳಾಡಿದ 'ಚಿಂತಿತ ತಾಯಿ'ಯೂ ನಾನೇ. ಅಮ್ಮ ಅದನ್ನು ನಲವತ್ತು ಜನಕ್ಕೆ ಕಳಿಸಿದಳು. ಒಂದು ಪುಟದವರು ಇನ್ನೊಂದಕ್ಕೆ ಹೋಗುವುದು ಬೈಯಲಿಕ್ಕೆ ಮಾತ್ರ. ಎರಡರಲ್ಲೂ ಇರುವುದು ಒಂದೇ ಕಂಬ ಎಂದು ನೋಡುವವರು ಯಾರು?

ಆಂಟಿ, ಎಂಥ ಮಜಾ ಗೊತ್ತೇ! ಗಂಟೆಗೆ ಇನ್ನೂರು ಜಗಳ! ಬಂದರಿನ ಅಳತೆ ಯಂತ್ರದ ನಿಜವಾದ ಲೆಕ್ಕವನ್ನೂ ನನ್ನ ಹೆಸರಲ್ಲೇ ಹಾಕಿದ್ದೆ. ಸಮುದ್ರ ಏರುತ್ತಿರುವುದು ನಿಜ, ಆದರೆ ವರ್ಷಕ್ಕೆ ಕೆಲವೇ ಮಿಲಿಮೀಟರ್. ಮೆಚ್ಚಿದವರು ಮೂವರು. ಅದರಲ್ಲಿ ಒಬ್ಬಳು ನಾನು.

ಮಜಾ ಮುಗಿದದ್ದು ದೋಣಿ ಕ್ಲಬ್ಬಿನಲ್ಲಿ. ಸಾಸೇಜ್ ಮಗುಚುತ್ತ ನೀವು ನನಗೆ ಹೇಳಿದಿರಿ: "ನಿಮ್ಮಮ್ಮಂಗೆ ಹೇಳು, ಊರು ಮುಳುಗೋವಾಗ ದೋಣೀಲಿ ಅವಳೊಬ್ಳೇ ಕೂತ್ಕೊಳ್ಲಿ."

ಮನೆಯಲ್ಲಿ ಅಮ್ಮ: "ಅವಳ ಜತೆ ಹುಟ್ಟು ಹಾಕೋದಾ? ಅದಕ್ಕಿಂತ ಶಾರ್ಕ್ ವಾಸಿ. ಅದಕ್ಕೆ ಫೇಸ್‌ಬುಕ್ ಇಲ್ಲ."

ನಾನು ನಗಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವರು ನೀವಿಬ್ಬರೂ. ಮೂರು ವಾರದಿಂದ ಮಾತಿಲ್ಲ, ಈಗ ನೀವು ತಂಡಕ್ಕೂ ಬರುವುದಿಲ್ಲವಂತೆ. ನಾಳೆ ಬೆಳಗ್ಗೆ ಒಂಬತ್ತಕ್ಕೆ ದೋಣಿ ಸ್ಪರ್ಧೆಯ ಫೈನಲ್. ನಮ್ಮೂರ ಹೆಂಗಸರು ಅಲ್ಲಿಯವರೆಗೆ ಬಂದಿರುವುದು ಇದೇ ಮೊದಲು! ನಾಲ್ಕನೆಯವರಾದ ನೀವಿಲ್ಲದೆ ದೋಣಿಯನ್ನು ನೀರಿಗೇ ಇಳಿಸುವಂತಿಲ್ಲ. ಬಿಲ್‌ನನ್ನೂ ತಾಯಿಯನ್ನೂ ಇಂದು ಬೆಳಗ್ಗೆ ಸಕಲ ಮರ್ಯಾದೆಗಳೊಂದಿಗೆ ಅಳಿಸಿದ್ದೇನೆ. ಎರಡೂ ಪುಟಗಳಲ್ಲಿ ಸತ್ಯ ಬರೆದೆ. ಈಗ ನನ್ನನ್ನು ಎರಡೂ ಕಡೆಯವರು ಎದುರು ಪಕ್ಷದ ಗೂಢಚಾರಿ ಎನ್ನುತ್ತಿದ್ದಾರೆ.

ನನ್ನನ್ನು ಬೈಯಿರಿ, ಹೊಡೆಯಿರಿ, ವರ್ಷವಿಡೀ ದೋಣಿ ತೊಳೆಸಿ. ನಾಳೆ ಮಾತ್ರ ಬನ್ನಿ.

ನಿಮ್ಮ ಶಿಕ್ಷೆಗೆ ಕಾದಿರುವ,
ಟಿಲ್ಲಿ

ತಾ.ಕ.: ತಂಡ ಬಿಡುವ ಫಾರ್ಮಿಗೆ ನಿಮ್ಮ ಸಹಿ ಬೇಕು, ನಾಯಕಿಯಾದ ಅವಳೇ ಖುದ್ದಾಗಿ ಹಾಕಿಸಿಕೊಂಡು ಬರಬೇಕಂತೆ ಎಂದು ನಂಬಿಸಿ ಈ ಲಕೋಟೆ ಕೊಟ್ಟು ಅಮ್ಮನನ್ನು ಕಳಿಸಿದ್ದೇನೆ. ಒಳಗೆ ಫಾರ್ಮ್ ಇಲ್ಲ. ಅವಳು ಬೆಳಗ್ಗೆಯಿಂದ ಫೇಸ್‌ಬುಕ್ ತೆರೆದಿಲ್ಲ, ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಹೇಳುವ ಧೈರ್ಯ ನನಗಾಗಲಿಲ್ಲ. ಈಗ ನಿಮ್ಮ ಗೇಟಿನ ಹತ್ತಿರ ಮುಖ ತಿರುಗಿಸಿಕೊಂಡು ನಿಂತಿರಬೇಕು. ಒಳಗೆ ಕರೆದು, ಇದನ್ನು ನೀವೇ ಓದಿ ಹೇಳುತ್ತೀರಾ?