ಚಂದ್ರಾ ನದಿಯ ದುಂಡುಗಲ್ಲು

ವಿಮಾನಪುರ, ಬೆಂಗಳೂರು
6-11-1998, ಶುಕ್ರವಾರ

ಪ್ರೀತಿಯ ಮಾನಕ್ಕಾ,

ನಿನ್ನ ತಮ್ಮನ ನಮಸ್ಕಾರಗಳು. ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂಡು ಎಂದರೆ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿ ನೆರಳಿಗೆ ಕೂಡುವವಳು ನೀನು. ಮಾಮಾನ ಸಕ್ಕರೆ ಈಗ ಎಷ್ಟಿದೆ? ಗುಳಿಗೆ ನುಂಗಿ ಮೇಲೆ ಎರಡು ಕರಚೀಕಾಯಿ ತಿನ್ನುವ ಪದ್ಧತಿ ಬಿಟ್ಟರೇ ಇಲ್ಲವೇ? ಸೃಷ್ಟಿ ಮೂರನೇ ಕ್ಲಾಸಿನ ಪರೀಕ್ಷೆಯಲ್ಲಿ ಲೆಕ್ಕ ಒಂದು ಬಿಟ್ಟು ಎಲ್ಲದರಲ್ಲೂ ಪಾಸಾಗಿದ್ದಾಳೆ, ಅತ್ತೆಯನ್ನೇ ಹೋಲುತ್ತಾಳೆ ಎಂದು ಪ್ರತಿಭಾ ನಗುತ್ತಾಳೆ. ಅವ್ವ ಇದ್ದಾಳೆ. ಆರಾಮ ಇದ್ದಾಳೆ ಎಂದು ಬರೆಯಲು ಹೋದೆ, ಕೈ ಓಡಲಿಲ್ಲ.

ನಿನ್ನ ಕಾಗದ ಮಂಗಳವಾರ ಬಂತು. ಕಾರ್ತಿಕದ ಕಡೇ ಸೋಮವಾರಕ್ಕೆ ನೀನು ಬರುವುದು, ಜೊತೆಗೆ ನಮ್ಮ ಮಠದ ಅಯ್ಯನವರನ್ನು ಕರೆತರುವುದು, ಅವರ ಕೈಯಿಂದ ಅವ್ವನ ಲಿಂಗಕ್ಕೆ ಹೊಸ ಕಂಥೆ ಕಟ್ಟಿಸುವುದು. ಹಳೇ ಕಪ್ಪು ಲೇಪ ಸವೆದಿದೆ, ಅದನ್ನು ತೆಗೆದು ಹೊಸದಾಗಿ ಮೆತ್ತಿಸಬೇಕೆಂದು ಅವ್ವನಿಗೂ ಆಸೆ ಇತ್ತು ಎಂದು ಬರೆದಿದ್ದೀ. ಆ ಸಾಲು ಓದಿದಾಗಿನಿಂದ ನನಗೆ ಅನ್ನ ಸೇರಿಲ್ಲ. ಅಕ್ಕಾ, ಅಯ್ಯನವರು ಆ ಲೇಪ ತೆಗೆಯಬಾರದು. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ಫೋನು ಮಾಡಬಹುದಿತ್ತು. ಆದರೆ ತಿಪ್ಪಸಂದ್ರ ಮಾರ್ಕೆಟ್ ರಸ್ತೆಯ ಎಸ್‌ಟಿಡಿ ಬೂತಿನ ಅಕ್ತರ್ ಎಂಥ ಒಳ್ಳೆಯವನೆಂದರೆ, ಗಿರಾಕಿಗಳ ಕಷ್ಟ ಕೇಳಿ ತಾನೂ ಕಣ್ಣೊರೆಸಿಕೊಳ್ಳುತ್ತಾನೆ. ಅವನ ಮುಂದೆ ಹೇಳುವ ಮಾತಲ್ಲ ಇದು. ಮೊದಲಿನಿಂದ ಹೇಳುತ್ತೇನೆ. ನಡುನಡುವೆ ಬೈಯಬೇಡ, ಕೊನೆಗೆ ಎಲ್ಲಾ ಸೇರಿಸಿ ಬೈ.

ನಾಲ್ಕು ವರ್ಷಕ್ಕೊಮ್ಮೆ ಕಾರ್ಖಾನೆಯವರು ದೇಶದ ಯಾವ ಮೂಲೆಗಾದರೂ ಹೋಗಿ ಬಾ ಎಂದು ಎಲ್‌ಟಿಸಿ ರಜೆ, ಖರ್ಚು ಕೊಡುತ್ತಾರಲ್ಲ, ಈ ಸಲ ಊಟಿ ಎಂದು ಬರೆದುಕೊಟ್ಟು ಸುಮ್ಮನಿರುತ್ತಿದ್ದೆ. ನನ್ನ ಪಕ್ಕದ ಬೆಂಚಿನ ಕೆಂಪರಾಜ್, ಕೆ.ಆರ್. ಪುರದವನು, ಅವನ ಬಾಯಿಗಿಷ್ಟು ಮಣ್ಣು ಹಾಕ, ತಲೆ ಕೆಡಿಸಿದ. "ಮಗಾ, ಊಟಿಗೆ ನಮ್ಮಜ್ಜಿನೂ ಹೋಗ್ಬಂದವ್ಳೆ. ಹಿಮಾಲಯದ ಸ್ಪಿತಿಗೆ ಹೋಗು ಗುರು. ಒಂದು ಮರ ಇಲ್ಲ, ಒಬ್ಬ ಮನುಷ್ಯ ಇಲ್ಲ, ಬರೀ ಬೆಟ್ಟ, ಆಕಾಶ. ಸತ್ರೂ ನೋಡ್ಬಿಟ್ಟು ಸಾಯ್ಬೇಕು" ಅಂದ. ಅವ್ವನನ್ನು ನಿನ್ನ ಮನೆಯಲ್ಲಿ ಬಿಟ್ಟು ಹೋಗುವುದೆಂದು ನಾನು ಅಂದುಕೊಂಡಿದ್ದೆ, ನಿನಗೆ ಗೊತ್ತು. ಹಿಮಾಲಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎಪ್ಪತ್ತೆರಡರ ಮುದುಕಿ ಟ್ರಂಕು ಎಳೆದಳು. "ಶಿವ ಇರೋ ದಿಕ್ಕಿಗೆ ಹೊಂಟೀರಿ, ನನ್ನ ಬಿಟ್ಟು ಹೋಕ್ಕೀರೇನ?" ಅಂದಳು. ಶಿವಾಜಿನಗರಕ್ಕೆ ಹೋಗಿ ಹಳೇ ಸ್ವೆಟರು, ಮಂಕಿಕ್ಯಾಪು ತಂದೆವು. ಮಂಕಿಕ್ಯಾಪು ಹಾಕಿಕೊಂಡು ಕನ್ನಡಿ ನೋಡಿ "ಹನುಮಪ್ಪ ಆದೆನಲ್ಲೋ" ಎಂದು ಅವ್ವ ನಕ್ಕಿದ್ದು ಹದಿನೈದು ಮನೆಗೆ ಕೇಳಿರಬೇಕು. ರೈಲು ಹತ್ತಿಸಲು ಬಂದ ನೀನು ನನ್ನ ಕೈ ಹಿಡಿದು ಒಂದೇ ಮಾತು ಹೇಳಿದೆ. "ಅವ್ವನ ಪೂಜೆ ಒಂದು ದಿನ ತಪ್ಪಬಾರದು, ಚನ್ನೂ." ಹೂಂ ಅಂದಿದ್ದೆ.

ತಪ್ಪಿಸಲೂ ಇಲ್ಲ. ಶಿಮ್ಲಾದ ಚಳಿಯಲ್ಲಿ ಬೆಳಿಗ್ಗೆ ತಣ್ಣೀರು ಮಿಂದು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಅರ್ಧ ಗಂಟೆ ಅವಳಿಗೆ ಲೋಕ ಬೇಡ. ಅದು ಮುಗಿದ ಮೇಲೇ ಬಾಯಿಗೆ ನೀರು. ಸೃಷ್ಟಿ ಪಕ್ಕದಲ್ಲಿ ಕೂತು ತೀರ್ಥಕ್ಕೆ ಕೈ ಚಾಚುತ್ತಿದ್ದಳು. ಸ್ಪಿತಿಯಲ್ಲಿ ಸುಮೋ ಗಾಡಿಯ ಕಿಟಕಿಗೆ ಹಣೆ ಒತ್ತಿ ಅವ್ವ ಆ ಬೋಳು ಬೆಟ್ಟಗಳನ್ನು ನೋಡುತ್ತಿದ್ದ ರೀತಿಯನ್ನು ನೀನು ನೋಡಬೇಕಿತ್ತು. ಕಣ್ಣಿಗೆ ಪೊರೆ ಬಂದಿದ್ದರೂ ದೊಡ್ಡದೆಲ್ಲ ಕಾಣುತ್ತದೆ ಎನ್ನುತ್ತಿದ್ದಳು. "ಬೂದಿ ಬಡಕೊಂಡು ಕುಂತಾನ ನೋಡ" ಎಂದು ಸೃಷ್ಟಿಗೆ ಒಂದು ಬೆಟ್ಟ ತೋರಿಸಿದಳು. ನಾನೂ ನೋಡಿದೆ ಅಕ್ಕಾ, ಸುಳ್ಳು ಯಾಕೆ ಹೇಳಲಿ, ಮೈ ಝುಂ ಅಂದಿತು.

ಸೆಪ್ಟೆಂಬರ್ ಹದಿನೆಂಟು, ಬೆಳಿಗ್ಗೆ ಹನ್ನೊಂದರ ಹೊತ್ತು. ಸ್ಪಿತಿಯಿಂದ ಮನಾಲಿ ಕಡೆಗೆ ಹೊರಟು ಕುಂಜುಮ್ ಎಂಬ ಘಟ್ಟದ ನೆತ್ತಿಗೆ ಬಂದಿದ್ದೆವು. ಗಾಳಿ ಎಂದರೆ ಗಾಳಿ. ಫೋಟೋಕ್ಕೆಂದು ಎಲ್ಲರನ್ನೂ ಇಳಿಸಿದವನು ನಾನೇ. ಅವ್ವ ನಾಲ್ಕು ಹೆಜ್ಜೆ ನಡೆದಳು, ಐದನೆಯದಕ್ಕೆ ಕುಸಿದಳು. ತುಟಿ ನೀಲಿ. ಪ್ರತಿಭಾ ಕಿರುಚಿದಳು, ಸೃಷ್ಟಿ ಅಜ್ಜಿಯ ಕಾಲು ಹಿಡಿದು ಕೂತಳು. ನನಗೆ ಆಗ ನೆನಪಾದದ್ದು ಒಂದೇ, ಕಾರ್ಖಾನೆಯಲ್ಲಿ ವರ್ಷ ವರ್ಷ ಕೊಡುವ ಪ್ರಥಮ ಚಿಕಿತ್ಸೆಯ ಪಾಠ: ಉಸಿರು ಕಟ್ಟಿದವರ ಕೊರಳ ಸುತ್ತ ಇರುವುದನ್ನೆಲ್ಲ ತೆಗೆ. ಮಫ್ಲರು ಬಿಚ್ಚಿದೆ, ಸ್ವೆಟರಿನ ಗುಂಡಿ ಬಿಚ್ಚಿದೆ, ಕೊರಳಿಗೆ ಬಿಗಿದಿದ್ದ ಶಿವದಾರವನ್ನೂ ಕರಡಿಗೆ ಸಮೇತ ತೆಗೆದೆ. ಅಲ್ಲೇ ಕಲ್ಲು ಪೇರಿಸಿದ ಒಂದು ಮೋಟುಗೋಡೆ ಇತ್ತು, ಅದರ ಮೇಲಿಟ್ಟೆ. ನೆಲಕ್ಕೆ ಇಡಬಾರದು ಎಂಬ ಬುದ್ಧಿ ಆ ಗಾಬರಿಯಲ್ಲೂ ಇತ್ತು ನೋಡು. ಆಮೇಲೆ ಡ್ರೈವರು "ನೀಚೇ ಚಲೋ, ಜಲ್ದಿ" ಎಂದು ಕೆಳಗಿಳಿಯಲು ಅವಸರಿಸಿದ, ಅವ್ವನನ್ನು ಹೊತ್ತುಕೊಂಡು ಗಾಡಿಗೆ ಹಾಕಿದೆವು, ಹೊರಟೆವು. ಮಫ್ಲರು ತಂದಿದ್ದೆ. ಲಿಂಗ ತರಲಿಲ್ಲ.

ಘಟ್ಟ ಇಳಿದ ಮೇಲೆ ಚಂದ್ರಾ ನದಿಯ ದಂಡೆಯಲ್ಲಿ ಒಂದು ಢಾಬಾ, ಪಕ್ಕದಲ್ಲಿ ರಸ್ತೆ ಕೆಲಸದವರ ಕ್ಯಾಂಪು, ಅಲ್ಲೊಬ್ಬ ಕಾಂಪೌಂಡರು. ಆಕ್ಸಿಜನ್ ಹಿಡಿದ ಮೇಲೆ ಅವ್ವನಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲು ಕೈ ಎದೆಗೆ ಹೋಯಿತು. ತಡಕಾಡಿತು. "ನನ್ನ ಲಿಂಗ ಎಲ್ಲೈತೋ ಚನ್ನ್ಯಾ?" ಅಂದಳು. "ಗಾಡ್ಯಾಗ ಐತವ್ವಾ, ತರ್ತೀನಿ" ಎಂದು ಹೇಳಿ ಡ್ರೈವರನನ್ನು ಎಳೆದುಕೊಂಡು ಮೇಲಕ್ಕೆ ಓಡಿದೆ. ಅರ್ಧ ದಾರಿಗೆ ಹಿಮ ಶುರುವಾಯಿತು. ಸೆಪ್ಟೆಂಬರಿನಲ್ಲಿ ಹಿಮ! ರಸ್ತೆಯವರು ಗಾಡಿ ತಡೆದರು. ಕಾಲು ಹಿಡಿದೆ, ಬೈದೆ, ನಡೆದೇ ಹೋಗುತ್ತೇನೆ ಎಂದೆ. ಇಬ್ಬರು ನನ್ನ ರಟ್ಟೆ ಹಿಡಿದು ಗಾಡಿಯಲ್ಲಿ ಕೂರಿಸಿದರು. ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಹಿಂದಿನ ಘಟ್ಟವೂ ಮುಚ್ಚಿತ್ತು, ಮನಾಲಿ ಕಡೆಯ ಘಟ್ಟವೂ ಮುಚ್ಚಿತ್ತು. ನಡುವೆ ನಾವು.

ಲಿಂಗ ಮೈಮೇಲಿಲ್ಲದೆ ಅವ್ವ ಹನಿ ನೀರು ಕುಡಿಯಲಿಲ್ಲ. ಪ್ರತಿಭಾ ಬೇಡಿಕೊಂಡಳು, ಸೃಷ್ಟಿ ತುಟಿಗೆ ಚಮಚ ಹಿಡಿದಳು. ಅವ್ವ ಬಾಯಿ ಬಿಗಿ ಹಿಡಿದು ತಲೆ ಅಲ್ಲಾಡಿಸಿದಳು. ಸಿಟ್ಟಿಲ್ಲ, ಹಟವಿಲ್ಲ, ಆಗುವುದಿಲ್ಲ ಅಷ್ಟೇ. ಮರುದಿನ ಮಧ್ಯಾಹ್ನಕ್ಕೆ ನಾಲಗೆ ಒಣಗಿ ಮಾತು ತೊದಲತೊಡಗಿತು. ಈ ಎತ್ತರದಲ್ಲಿ ನೀರಿಲ್ಲದೆ ಇನ್ನೊಂದು ದಿನ ಕಷ್ಟ ಎಂದು ಕಾಂಪೌಂಡರು ನನ್ನನ್ನು ಹೊರಗೆ ಕರೆದು ಹೇಳಿದ. ಅವನ ಹತ್ತಿರ ಆಕ್ಸಿಜನ್, ಗುಳಿಗೆ ಬಿಟ್ಟು ಸಲೈನ್ ಗಿಲೈನ್ ಏನೂ ಇರಲಿಲ್ಲ. ಅಯ್ಯನವರನ್ನು ಎಲ್ಲಿಂದ ತರಲಿ? ಹೊಸ ಲಿಂಗ ಎಲ್ಲಿಂದ ತರಲಿ?

ನದಿಗೆ ಇಳಿದೆ. ನನ್ನ ಕೆಲಸ ನಿನಗೆ ಗೊತ್ತು. ಇಪ್ಪತ್ತೊಂದು ವರ್ಷದಿಂದ ವಿಮಾನದ ಬಿಡಿಭಾಗಗಳ ಅಳತೆ ನೋಡಿ ಮುದ್ರೆ ಒತ್ತುವವನು. ಕೂದಲೆಳೆ ವ್ಯತ್ಯಾಸ ಕಂಡರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವವನು. ಒಂದರ ಜಾಗಕ್ಕೆ ಇನ್ನೊಂದು ಬರಬಾರದು ಎಂದು ಹುಡುಗರಿಗೆ ಪಾಠ ಹೇಳುವವನು. ಅಂಥವನು ಮಂಡಿಯೂರಿ ಒಂದು ದುಂಡುಗಲ್ಲು ಆರಿಸಿದೆ, ಸರಿಯಾದ ಅಳತೆಯದು. ಢಾಬಾದ ತವಾದ ಮಸಿಗೆ ಸುಮೋದ ಚಕ್ರದ ಗ್ರೀಸು ಕಲಸಿ ಅದಕ್ಕೆ ಕಂಥೆಯ ಹಾಗೆ ಬಳಿದೆ, ಒಲೆಯ ಹತ್ತಿರ ಹಿಡಿದು ಒಣಗಿಸಿದೆ. ಬಿಳಿ ಕರವಸ್ತ್ರದಲ್ಲಿ ಕಟ್ಟಿ ತಂದೆ. "ಕರಡಿಗಿ ಗಾಡ್ಯಾಗಿಂದ ಬಿದ್ದು ಹೋಗೈತಿ ಅವ್ವಾ, ಲಿಂಗ ಅಷ್ಟ ಸಿಕ್ತು" ಎಂದು ಅಂಗೈಯಲ್ಲಿಟ್ಟೆ. ಢಾಬಾದೊಳಗೆ ಹೊಗೆ ತುಂಬಿತ್ತು, ನನ್ನ ಕಣ್ಣು ಉರಿಯುತ್ತಿತ್ತು. ಅವ್ವ ಬಹಳ ಹೊತ್ತು ಬೆರಳಾಡಿಸಿದಳು. ನನ್ನ ಮುಖ ನೋಡಿದಳು. ಆಮೇಲೆ ವಿಭೂತಿ ಕೇಳಿದಳು. ಪೂಜೆ ಮಾಡಿದಳು, ನೀರು ಕುಡಿದಳು. ಮೂರನೇ ದಿನ ಮನಾಲಿ ಕಡೆಯ ದಾರಿ ಮಾತ್ರ ತೆರೆಯಿತು, ಜೀವಂತ ಅವ್ವನನ್ನು ಕರೆದುಕೊಂಡು ಊರಿಗೆ ಬಂದೆ. ಹಲಸೂರಿನ ಅಂಗಡಿಯಲ್ಲಿ ಹೊಸ ಬೆಳ್ಳಿ ಕರಡಿಗೆ ಮಾಡಿಸಿದೆ. ಅದನ್ನು ಕಂಡು ನೀನು ಹೊಗಳಿದ್ದೆಯಲ್ಲ, ಒಳಗಿರುವುದು ಇದು.

ಅಪ್ಪ ಹೋದಾಗ ಅವನ ಲಿಂಗ ಅವನ ಅಂಗೈಯಲ್ಲಿಟ್ಟೇ ಮಣ್ಣಿಗೆ ಕಳಿಸಿದೆವು. ನಾಳೆ ಅವ್ವನ ಕೈಯಲ್ಲಿ ನಾನು ಏನಿಡಲಿ? ಇದೇ ನನ್ನನ್ನು ತಿನ್ನುತ್ತಿದೆ. ಹೇಳಿಬಿಡೋಣವೆಂದರೆ ಲಿಂಗ ಹೋದ ಮೇಲೆ ಜೀವ ಯಾಕೆ ಎನ್ನುವ ಕಾಲದವಳು ಅವಳು, ಮತ್ತೆ ನೀರು ಬಿಟ್ಟರೆ? ಹೇಳದಿದ್ದರೆ ದಿನಾ ಬೆಳಿಗ್ಗೆ ಅವಳು ಕಲ್ಲಿಗೆ ಕೈ ಮುಗಿಯುವುದನ್ನು ಬಾಗಿಲಲ್ಲಿ ನಿಂತು ನೋಡಬೇಕು. ಬಂದಾಗಿನಿಂದ ಅವಳು ಇಳಿದುಹೋಗಿದ್ದಾಳೆ. ಒಂದೇ ಹೊತ್ತು ಉಣ್ಣುತ್ತಾಳೆ, ಕೇಳಿದರೆ ಹಸಿವಿಲ್ಲ ಎನ್ನುತ್ತಾಳೆ. ಸೃಷ್ಟಿಗೆ ತೀರ್ಥ ಕೊಡುವುದನ್ನೂ ನಿಲ್ಲಿಸಿದ್ದಾಳೆ. "ಶೀತ ಆಗತೈತಿ, ಬ್ಯಾಡ" ಅಂತಾಳೆ. ಮಗು ಮುಖ ಸಣ್ಣ ಮಾಡಿಕೊಂಡು ಶಾಲೆಗೆ ಹೋಗುತ್ತದೆ. ಡಾಕ್ಟರು ಗುಂಡಿಗೆ ಸ್ವಲ್ಪ ಸೋತಿದೆ, ಇನ್ನು ಬೆಟ್ಟಗುಡ್ಡ ಹತ್ತಿಸಬೇಡಿ ಎಂದಿದ್ದಾರೆ.

ಅದಕ್ಕೇ ಕೈ ಮುಗಿದು ಕೇಳುತ್ತೇನೆ, ಅಯ್ಯನವರನ್ನು ಕರೆತರಬೇಡ. ಅವರಿಗೆ ಏನಾದರೂ ನೆಪ ಹೇಳು. ನೀನೊಬ್ಬಳೇ ಬಾ, ಬಂದು ಏನು ಮಾಡಬೇಕೆಂದು ಹೇಳು. ನೀನು ಹಿರಿಯಳು, ಸಣ್ಣವನಿದ್ದಾಗ ನಾನು ಒಡೆದ ಗಡಿಗೆಗಳನ್ನೆಲ್ಲ ನಿನ್ನ ಲೆಕ್ಕಕ್ಕೆ ಹಾಕಿಕೊಂಡು ಏಟು ತಿಂದವಳು. ಇದು ಅಂಥ ಗಡಿಗೆಯಲ್ಲ, ಗೊತ್ತು. ಆದರೂ ನಿನಗಲ್ಲದೆ ಯಾರಿಗೆ ಹೇಳಲಿ?

ಮಾಮಾಗೆ ನನ್ನ ಶರಣು, ಮಕ್ಕಳಿಗೆ ಆಶೀರ್ವಾದ. ಪ್ರತಿಭಾ ನಿನಗೆ ನಮಸ್ಕಾರ ಹೇಳಿದ್ದಾಳೆ, ಬರುವಾಗ ಸ್ವಲ್ಪ ಗುರೆಳ್ಳು ಪುಡಿ ತಾ ಎಂದೂ ಹೇಳಿದ್ದಾಳೆ.

ನಿನ್ನ ಕೈಲಾಗದ ತಮ್ಮ,
ಚನ್ನು

ತಾ.ಕ.: ಅಂಟು ಹಚ್ಚಿದ್ದ ಲಕೋಟೆಯನ್ನು ಒಡೆದು ಬರೆಯುತ್ತಿದ್ದೇನೆ, ಹತ್ತು ಗಂಟೆಯ ಟಪಾಲಿಗೆ ಹಾಕಬೇಕು. ಈಗಷ್ಟೇ ವಿಳಾಸ ಬರೆಯುತ್ತಿದ್ದಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. "ಮಾನಿಗೆ ಬರ್ಯಾಕತ್ತೀಯೇನ? ಅಯ್ನೋರ್ನ ಕರ್ಕೊಂಡು ಬರಬ್ಯಾಡ ಅಂತ ಬರಿ. ಅವರು ಕಲ್ಲು ನೋಡಿದ್ರ ನಾಕು ಮಂದ್ಯಾಗ ನಿನ್ನ ಮಾನ ಹೋಕ್ಕೈತಿ" ಅಂದಳು. ಮೊದಲ ದಿನವೇ ಗೊತ್ತಾಗಿತ್ತಂತೆ ಅಕ್ಕಾ. ನನ್ನ ಕಾರ್ಖಾನೆ ಅಂಗಿಯನ್ನು ವರ್ಷಗಟ್ಟಲೆ ಒಗೆದವಳು, ಗ್ರೀಸಿನ ವಾಸನೆ ನನ್ನ ಮೂಗಿಗೆ ಹತ್ತಲಿಲ್ಲ, ಅವಳಿಗೆ ಹತ್ತಿತ್ತು. ಮತ್ಯಾಕೆ ನೀರು ಕುಡಿದೆ ಅಂದೆ. "ನೀ ಅಳಾಕತ್ತಿದ್ದಿ. ಅಳೋ ಕೂಸಿಗೆ ಹೆಂಗ ಇಲ್ಲ ಅನ್ಲಿ? ಅದರ ನೀರು ನಾ ಕುಡೀತೀನಿ, ಮೊಮ್ಮಗಳಿಗೆ ಹೆಂಗ ಕೊಡ್ಲಿ?" ಅಂದಳು. ಒಂದು ಹೊತ್ತಿನ ಊಟ ಬಿಟ್ಟದ್ದೂ ಅದಕ್ಕೇ, ಲಿಂಗವಿಲ್ಲದೆ ಉಣ್ಣುವ ತಪ್ಪಿಗೆ. ಗೋಡೆಯ ಮೇಲೆ ಮರೆತು ಬಂದದ್ದನ್ನೂ ಹೇಳಿ, ಅಯ್ಯನವರಿಂದ ಹೊಸ ಲಿಂಗ ಕಟ್ಟಿಸುತ್ತೇನೆ ಎಂದು ಕಾಲಿಗೆ ಬಿದ್ದೆ. ಒಪ್ಪುತ್ತಿಲ್ಲ. "ಹೋಗಿದ್ರ ಹೊಸಾದು ಕಟ್ಟಿಕೋಬೇಕು. ನಂದು ಹೋಗಿಲ್ಲ, ನೀ ಇಟ್ಟ ಗ್ವಾಡಿ ಮ್ಯಾಲೆ ಐತಿ. ಆ ಥಂಡ್ಯಾಗ ಒಂದ ಕುಂತೈತಿ" ಅಂತಾಳೆ. ಅಲ್ಲೀಗ ಆಳುದ್ದ ಹಿಮ ಬಿದ್ದಿರುತ್ತದೆ. ಮತ್ತೆ ಎಲ್‌ಟಿಸಿ ಯಾವಾಗ ಕೊಡುತ್ತಾರೆ ಎಂದು ಕೇಳಿದಳು. ಡಾಕ್ಟರು ಹೇಳಿದ್ದನ್ನು ಹೇಳದೆ, 2002ಕ್ಕೆ ಅವ್ವಾ ಅಂದೆ. ಬೆರಳು ಮಡಚಿ ಎಣಿಸಿದಳು. "ಆತು, ಅಲ್ಲೀತನ ಇರ್ತೀನಿ ತಗೋ" ಅಂದಳು.